ಇಪ್ಪತ್ತೆಂಟನೆಯ ನಲ್ಲಿ ಮತ್ತು ಬೆಂಡೆ ಲೋಳೆ

ಭದ್ರಾವತಿಯ ದಿಣ್ಣೆ ಬಡಾವಣೆಯ ಇಪ್ಪತ್ತೆಂಟನೆಯ ನಲ್ಲಿಗೆ ನೀರು ತಲುಪುವುದಿಲ್ಲ. ಇದು ದೂರಲ್ಲ, ಸರ್ಕಾರಿ ದಾಖಲೆ. ಹದಿನಾಲ್ಕು ವರ್ಷಗಳಿಂದ ಪ್ರತಿ ತಿಂಗಳ ಐದನೆಯ ತಾರೀಕು ಈ ಸಂಗತಿಯನ್ನು ಮೂರು ಪ್ರತಿಗಳಲ್ಲಿ ಶಿವಮೊಗ್ಗದ ಮೇಲಿನ ಕಚೇರಿಗೆ ತಿಳಿಸಲಾಗುತ್ತಿದೆ. ಹಾಗೆ ತಿಳಿಸುವುದಕ್ಕೆಂದೇ ಒಂದು ಕಚೇರಿ ಇದೆ. ಹೆಸರು, ಏರುಪ್ರದೇಶ ಜಲ ತಲುಪುವಿಕೆ ಉಪವಿಭಾಗ. ಅಲ್ಲಿ ಹನ್ನೊಂದು ಜನ ಕೆಲಸ ಮಾಡುತ್ತಾರೆ. ಒಂದು ಜೀಪು ಇದೆ, ಅದು ಮಾಡುವುದಿಲ್ಲ.

ಉಪವಿಭಾಗದ ಸ್ಥಾಪನಾ ಆದೇಶದ ನಾಲ್ಕನೆಯ ಕಲಮು ಹೀಗಿದೆ: ‘ಸದರಿ ನಲ್ಲಿಗೆ ನೀರು ತಲುಪಿದ ಮೂವತ್ತು ದಿನಗಳೊಳಗಾಗಿ ಸದರಿ ಉಪವಿಭಾಗವನ್ನು ಮುಚ್ಚತಕ್ಕದ್ದು.’ ಆದ್ದರಿಂದ ನಮ್ಮಲ್ಲಿ ಎಲ್ಲರೂ ಬಹಳ ಎಚ್ಚರಿಕೆಯಿಂದ ಕೆಲಸ ಮಾಡುತ್ತಿದ್ದರು.

ಆ ಹನ್ನೊಂದರಲ್ಲಿ ಒಬ್ಬ ನಾನು, ಪಂಪ್ ಆಪರೇಟರ್ ವೀರಪ್ಪ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಲೇಬೇಕಾಗಿದೆ. ಪಂಪಿನ ಸದ್ದು ಕೇಳಿಯೇ ಭದ್ರಾ ಹೊಳೆಯ ಯಾವ ಮೀನು ಜಾಲರಿಗೆ ಮೂತಿ ಒತ್ತಿದೆ, ಅದು ಗಂಡೋ ಹೆಣ್ಣೋ ಎಂದು ಹೇಳಬಲ್ಲ ಆಪರೇಟರು ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಇದನ್ನು ನಂಬದವಳು ನನ್ನ ಹೆಂಡತಿ ಜಗದಾಂಬಾ ಒಬ್ಬಳೇ. ಅವಳು ನನ್ನ ವಯಸ್ಸನ್ನೂ ನಂಬುವುದಿಲ್ಲ.

ನಮ್ಮ ಪಂಪ್‌ಹೌಸಿನಿಂದ ಹೊರಟ ಕೊಳವೆ ಎರಡೂವರೆ ಕಿಲೋಮೀಟರ್ ಬಯಲಲ್ಲಿ ಓಡಿ ಆಮೇಲೆ ದಿಣ್ಣೆ ಹತ್ತುತ್ತದೆ. ಮೊದಲನೆಯ ನಲ್ಲಿಯಲ್ಲಿ ನೀರು ಬಕೆಟ್ ಉರುಳಿಸುವ ಹಾಗೆ ಬೀಳುತ್ತದೆ. ಹತ್ತನೆಯದರಲ್ಲಿ ಪರವಾಗಿಲ್ಲ. ಇಪ್ಪತ್ತನೆಯದರಲ್ಲಿ ನೂಲಿನಷ್ಟು. ಇಪ್ಪತ್ತೇಳನೆಯದರಲ್ಲಿ ಬರೀ ಗಾಳಿ, ಜೊತೆಗೆ ಒಂದಿಷ್ಟು ಕೆಮ್ಮು. ಇಪ್ಪತ್ತೆಂಟನೆಯದು ಜಲಜಮ್ಮನದು. ಅದು ಕೆಮ್ಮುವುದೂ ಇಲ್ಲ. ಅವರು ಅದಕ್ಕೆ ಹೂವಿನ ಬುಟ್ಟಿ ನೇತುಹಾಕಿದ್ದರು.

ಜಲಜಮ್ಮ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡಿ ಈಗ ಮನೆಯಲ್ಲಿರುವವರು. ಮಂಡಿನೋವು ಇಟ್ಟುಕೊಂಡೇ ದಿನಕ್ಕೆ ಎಂಟು ಕೊಡ ನೀರನ್ನು ಹತ್ತೊಂಬತ್ತನೆಯ ಮನೆಯಿಂದ ಹೊತ್ತು ತರುತ್ತಿದ್ದರು. ಅವರಿಗೆ ಒಬ್ಬಳೇ ಮಗಳು, ಮೀರಾ. ಅವಳನ್ನು ಹೊಳಲೂರಿಗೆ ಕೊಟ್ಟಿದ್ದಾರೆ. ಅವಳಿಗೆ ಏಳು ತಿಂಗಳು ತುಂಬಿದಾಗ ಬೀಗಿತ್ತಿ ಸರಸ್ವತಿಯವರು ಫೋನ್ ಮಾಡಿದರು. ಅವರ ಮಾತು ದಿಣ್ಣೆ ಬಡಾವಣೆಗೆಲ್ಲ ಕೇಳಿಸಿತು, ಏಕೆಂದರೆ ಜಲಜಮ್ಮ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು.

“ಬಾಣಂತಿಗೆ ದಿನಾ ಎರಡು ಹಂಡೆ ಬಿಸಿನೀರು ಬೇಕು ಜಲಜಮ್ಮ. ಮಗುವಿಗೆ ಬೇರೆ, ಬಟ್ಟೆಗೆ ಬೇರೆ. ನಿಮ್ಮನೆ ನಲ್ಲೀಲಿ ಹೂ ಬಿಡುತ್ತಂತೆ, ನೀರು ಬಿಡಲ್ವಂತೆ. ನಮ್ಮ ಹಿತ್ತಲು ದಾಟಿದ್ರೆ ತುಂಗಭದ್ರೆ. ಬಾಣಂತನ ಇಲ್ಲೇ ಆಗ್ಲಿ ಬಿಡಿ.”

ಜಲಜಮ್ಮ ನೇರವಾಗಿ ಪಂಪ್‌ಹೌಸಿಗೆ ಬಂದರು. “ಮೊದಲ ಬಾಣಂತನ ಬೀಗರ ಮನೇಲಾ ವೀರಪ್ಪಣ್ಣ? ತಾಯಿ ಗಟ್ಟಿಯಾಗಿ ಬದುಕಿರುವಾಗ? ನಾನು ಯಾವ ಮುಖ ಇಟ್ಕೊಂಡು ಮಗು ನೋಡೋಕೆ ಹೋಗ್ಲಿ?”

ನಾನು ಅವರನ್ನು ಕಚೇರಿಗೆ ಕರೆದುಕೊಂಡು ಹೋದೆ. ನಮ್ಮ ಇಂಜಿನಿಯರ್ ಮುರಳಿ ಸಾಹೇಬರು ಒಳ್ಳೆಯವರು. ಎದ್ದು ನಿಂತು ಕುರ್ಚಿ ಕೊಟ್ಟರು.

“ಜಲಜಮ್ಮ, ನಿಮ್ಮ ನಲ್ಲಿ ನಮಗೆ ಪ್ರಥಮ ಆದ್ಯತೆ. ಹದಿನಾಲ್ಕು ವರ್ಷದಿಂದ ಅದೇ ಪ್ರಥಮ. ಎರಡನೇದಕ್ಕೆ ನಾವು ಹೋಗೇ ಇಲ್ಲ.”

“ಹೆರಿಗೆಗೆ ಎರಡೇ ತಿಂಗಳಿದೆ ಸಾರ್.”

“ಮುಂದೂಡೋದಕ್ಕೆ ಅವಕಾಶ ಇದೆಯಾ?”

ಕಡತ ನೋಡಿಕೊಳ್ಳುವ ಸೀತಾಲಕ್ಷ್ಮಿ ಮೇಡಂ ತಲೆ ಎತ್ತದೆ ಹೇಳಿದರು: “ಅರ್ಜಿ ಕೊಟ್ಟರೆ ಪರಿಶೀಲಿಸಬಹುದು ಸಾರ್.”

ಇಲ್ಲಿಗೆ ಈ ಪ್ರಕರಣ ಎಂದಿನಂತೆ ಸುಸೂತ್ರವಾಗಿ ಮುಗಿಯಬೇಕಿತ್ತು. ಮುಗಿಯದಿದ್ದುದಕ್ಕೆ ಕಾರಣ ಎರಡು ನೀಲಿ ಬಕೆಟ್ಟುಗಳು.

ನನ್ನ ಗೆಳೆಯ ಮಲ್ಲಿಕ್ ಊರಾಚೆ ಆಲೆಮನೆ ನಡೆಸುತ್ತಾನೆ. ಬೆಲ್ಲ ಕಾಯಿಸುವವರಿಗೆ ಗೊತ್ತಿರುವ ವಿಚಾರವೇ: ಬೆಂಡೆ ಗಿಡದ ಕಾಂಡ ಜಜ್ಜಿ, ನೆನೆಹಾಕಿ, ಹಿಂಡಿ ತೆಗೆದ ಲೋಳೆಯನ್ನು ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಹೊಯ್ದರೆ ಕಸವೆಲ್ಲ ನೊರೆಯಾಗಿ ಮೇಲಕ್ಕೆ ಬರುತ್ತದೆ. ಲೋಳೆ ತೆಗೆಯುವುದರಲ್ಲಿ ನನ್ನ ಕೈಗುಣ ಹೆಸರುವಾಸಿ. ನಾನು ತೆಗೆದ ಲೋಳೆಯನ್ನು ಬೆರಳಲ್ಲಿ ಎತ್ತಿದರೆ ಭದ್ರಾವತಿಯಿಂದ ತರೀಕೆರೆಯವರೆಗೆ ಎಳೆ ತುಂಡಾಗುವುದಿಲ್ಲ. ಪಂಪ್‌ಹೌಸಿನಲ್ಲಿ ಬಿಡುವು ಜಾಸ್ತಿ ಇರುವುದರಿಂದ ಅಲ್ಲೇ ನೆನೆಹಾಕುತ್ತಿದ್ದೆ. ಒಂದು ನೀಲಿ ಬಕೆಟ್ಟಿನಲ್ಲಿ ಲೋಳೆ. ಇನ್ನೊಂದು ನೀಲಿ ಬಕೆಟ್ಟಿನಲ್ಲಿ ಕುಡಿಯುವ ನೀರಿಗೆ ಹಾಕುವ ಬ್ಲೀಚಿಂಗ್ ನೀರು. ದೊಡ್ಡ ಪಂಪಿನ ಆಚೆ ಬದಿಯಲ್ಲಿ ಒಂದು ಡ್ರಮ್ಮು ಇದೆ. ಅದಕ್ಕೆ ಬ್ಲೀಚಿಂಗ್ ಸುರಿದರೆ ಪುಟ್ಟ ಪಂಪೊಂದು ಹನಿಹನಿಯಾಗಿ ಅದನ್ನು ಕೊಳವೆಗೆ ತಳ್ಳುತ್ತದೆ.

ಒಂದು ಸೋಮವಾರ ಬೆಳಿಗ್ಗೆ ನಾನು ಡ್ರಮ್ಮಿಗೆ ಲೋಳೆ ಸುರಿದು ಮಲ್ಲಿಕನಿಗೆ ಬ್ಲೀಚಿಂಗ್ ಕಳುಹಿಸಿದೆ. ಮಲ್ಲಿಕ್ ಮೂಸಿ ನೋಡಿ, ಫೋನ್ ಮಾಡಿ, ನಮ್ಮ ಮೂರು ತಲೆಮಾರಿಗೆ ಸಾಲುವಷ್ಟು ಬೈದು, ಬಕೆಟ್ ವಾಪಸು ಕಳುಹಿಸಿದ. ನಾನು ನಗುತ್ತಾ ಬ್ಲೀಚಿಂಗನ್ನೂ ಡ್ರಮ್ಮಿಗೆ ಸೇರಿಸುತ್ತಿದ್ದೆ, ಅಷ್ಟರಲ್ಲಿ ಇನ್ನೊಂದು ಫೋನು.

“ವೀರಪ್ಪಣ್ಣ!” ಅತ್ತ ಕಡೆ ಜಲಜಮ್ಮ. “ಹೂವಿನ ಬುಟ್ಟಿ ತುಂಬಿ ಹರೀತಿದೆ!”

ಅಂದು ಇಪ್ಪತ್ತೆಂಟನೆಯ ನಲ್ಲಿಗೆ ನಲವತ್ತು ನಿಮಿಷ ನೀರು ಬಂತು. ಮಂಗಳವಾರ ಬರಲಿಲ್ಲ. ಎರಡಕ್ಕೂ ನಡುವೆ ವ್ಯತ್ಯಾಸ ಒಂದು ಬಕೆಟ್ ಲೋಳೆ ಎಂಬುದನ್ನು ನಾನು ಕೂತ ಕೂತಲ್ಲೇ ಕಂಡುಹಿಡಿದೆ. ಕಾರಣ ಮಾತ್ರ ಗೊತ್ತಾಗಲಿಲ್ಲ. ಅಂಥ ಸಣ್ಣಪುಟ್ಟದ್ದಕ್ಕೆ ನಮ್ಮ ಅಕ್ಕನ ಮಗಳು ಅಕ್ಷರಾ ಇದ್ದಾಳೆ. ಶಿವಮೊಗ್ಗದ ನವುಲೆಯಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ನೀರು, ಎಣ್ಣೆ, ಗಾಳಿ ಹೇಗೆ ಹರಿಯುತ್ತವೆ ಎಂದು ಪಾಠ ಮಾಡುತ್ತಾಳೆ. ಪ್ರೈವೇಟ್ ಬಸ್ಸು ಹಿಡಿದು ಲೋಳೆಯ ಬಾಟಲಿ ಸಮೇತ ಹೋದೆ.

“ಮಾಮ, ಇದು ಪಾಲಿಮರ್ ಮಾಡೋ ಕೆಲಸ!” ಎಂದು ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. “ಕೊಳವೆಯಲ್ಲಿ ನೀರು ನೆಟ್ಟಗೆ ಹೋಗುತ್ತೆ ಅಂದ್ಕೊಂಡಿದೀರಾ? ಜೋರಾಗಿ ಹರಿಯುವಾಗ ಒಳಗೆಲ್ಲ ಸುಳಿ. ಒಂದನ್ನೊಂದು ಗುದ್ದುತ್ತೆ, ಗೋಡೆಗೆ ಗುದ್ದುತ್ತೆ. ಪಂಪು ಕೊಟ್ಟ ತ್ರಾಣದಲ್ಲಿ ಮುಕ್ಕಾಲು ಪಾಲು ಈ ಜಗಳಕ್ಕೇ ಹೋಗುತ್ತೆ.”

“ಲೋಳೆ ಏನು ಮಾಡುತ್ತೆ?”

“ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ, ಆದ್ರೆ ಉದ್ದುದ್ದ ಎಳೆಗಳಿರ್ತವೆ. ಸುಮ್ನೆ ಮುದುಡ್ಕೊಂಡು ಬಿದ್ದಿರ್ತವೆ. ಗೋಡೆ ಪಕ್ಕ ಸುಳಿ ಏಳ್ತಿದ್ದ ಹಾಗೆ ಎಳೆದಾಟಕ್ಕೆ ಸಿಕ್ಕಿ ಹಿಗ್ಗುತ್ತವೆ, ಸುಳೀನ ಬೆಳೆಯೋಕೆ ಬಿಡಲ್ಲ. ಜಗಳ ಕಡಿಮೆ ಆದ್ರೆ ತ್ರಾಣ ಉಳೀತು. ಉಳಿದ ತ್ರಾಣದಲ್ಲಿ ನೀರು ನಿಮ್ಮ ದಿಣ್ಣೆ ಹತ್ತಿತು, ಅಷ್ಟೇ.”

“ಅಂದ್ರೆ ಲೋಳೆ ನೀರನ್ನ ತಳ್ಳಲ್ಲ?”

“ಒಂಚೂರೂ ತಳ್ಳಲ್ಲ. ಗಲಾಟೆ ತಡೆಯುತ್ತೆ, ಅಷ್ಟೆ. ಅದೂ ಸಾವಿರ ಕೊಡಕ್ಕೆ ಒಂದು ಚೊಂಬು ಸಾಕು. ಜಾಸ್ತಿ ಹಾಕಿದ್ರೆ ನೀರೇ ಗಂಜಿಯಾಗಿ ಕೆಲಸ ಕೆಡುತ್ತೆ. ಇನ್ನೊಂದು, ಅಪ್ಪಿತಪ್ಪಿಯೂ ಪಂಪಿಗಿಂತ ಮುಂಚೆ ಹಾಕ್ಬೇಡಿ. ರೆಕ್ಕೆಗೆ ಸಿಕ್ಕಿ ಎಳೆಗಳು ತುಂಡಾದ್ರೆ ಅದು ಬರೀ ಬೆಂಡೆಕಾಯಿ ಸಾರು.”

“ನಮ್ಮ ಕಚೇರಿ ಫೈಲಿಗೆ ಒಂದು ಚೊಂಬು ಹಾಕಿದ್ರೆ ಹೇಗೆ ಮಾರಾಯ್ತಿ?”

“ಜೋರಾಗಿ ಓಡೋದಕ್ಕೆ ಮಾತ್ರ ಮಾಮ. ತೆವಳೋದಕ್ಕೆ ಹಾಕಿದ್ರೆ ಇನ್ನೂ ನಿಧಾನ ಆಗುತ್ತೆ.”

ಬುಧವಾರ, ಗುರುವಾರ, ಶುಕ್ರವಾರ ನಾನು ಪಂಪಿನ ಆಚೆ ಲೋಳೆ ಹಾಕಿದೆ. ಮೂರು ದಿನವೂ ನೀರು ಬಂತು. ಜಲಜಮ್ಮ ಹಂಡೆ ಉಜ್ಜಿ ಹೊಳೆಯಿಸಿದರು, ಹೊಳಲೂರಿಗೆ ಫೋನ್ ಮಾಡಿ ನಲ್ಲಿಯ ಸದ್ದನ್ನೇ ಕೇಳಿಸಿದರು.

ಶನಿವಾರ ಈ ಸುದ್ದಿ ಕಚೇರಿಗೆ ಮುಟ್ಟಿತು. ಹನ್ನೊಂದು ಜನರ ಹೊಟ್ಟೆಪಾಡಿನ ಪ್ರಶ್ನೆ. ಮುರಳಿ ಸಾಹೇಬರು ಬೆವರು ಒರೆಸಿಕೊಂಡು ನಾಲ್ಕನೆಯ ಕಲಮನ್ನು ನಾಲ್ಕು ಸಲ ಓದಿದರು. ಸೀತಾಲಕ್ಷ್ಮಿ ಮೇಡಂ ಮಾತ್ರ ಶಾಂತವಾಗಿ ಒಂದು ನೋಟಿಸು ಸಿದ್ಧಪಡಿಸಿದರು:

‘ವಿಷಯ: ತಮ್ಮ ನಲ್ಲಿಗೆ ಅನುಮತಿ ಇಲ್ಲದೆ ನೀರು ಬಂದಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ಸದರಿ ನೀರನ್ನು ಏಕೆ ಹಿಂಪಡೆಯಬಾರದು ಎಂಬುದಕ್ಕೆ ಏಳು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ನೀರು ಬಂದೇ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.’

ಜಲಜಮ್ಮ ಅದರ ಬೆನ್ನಿಗೇ ಉತ್ತರ ಬರೆದುಕೊಟ್ಟರು: ‘ಯಾಕೆ ಬಂದೆ ಅಂತ ನೀರನ್ನೇ ಕೇಳಿದೆ. ಏನೂ ಹೇಳಲಿಲ್ಲ. ಕುಡಿದು ನೋಡಿದೆ, ಚೆನ್ನಾಗಿದೆ.’

ವಿಚಾರಣೆ ನಡೆಯಿತು. ಅಪರಾಧಿಯನ್ನು ಹುಡುಕುವ ಕಷ್ಟ ಯಾರಿಗೂ ಆಗದಿರಲಿ ಎಂದು ನಾನೇ ಎದೆಯುಬ್ಬಿಸಿ ಒಪ್ಪಿಕೊಂಡೆ. ಸನ್ಮಾನ ಮಾಡುವುದಾದರೆ ಶಾಲು ಬೇಡ, ಸೆಕೆ, ಎಂದೂ ಹೇಳಿದೆ. ಶಾಲಿನ ಬದಲು ಸಮಿತಿ ರಚನೆಯಾಯಿತು. ಕೊಳವೆಯೊಳಗಿನ ಕಲಹ ನಿವಾರಣಾ ಸಮಿತಿ. ಸಮಿತಿ ಎರಡು ವಾರ ಸೇರಿ, ಲೋಳೆಯನ್ನು ತಾತ್ವಿಕವಾಗಿ ಒಪ್ಪಿ, ಅದನ್ನು ಪಂಪಿನ ಈಚೆ, ಹೊಳೆ ನೀರು ಬಂದು ನಿಲ್ಲುವ ಬಾವಿಗೆ ಮಾತ್ರ ಹಾಕತಕ್ಕದ್ದೆಂದು ನಿಯಮ ಮಾಡಿತು.

“ಸಾರ್, ಪಂಪಿಗಿಂತ ಮುಂಚೆ ಹಾಕಿದ್ರೆ ಎಳೆ ತುಂಡಾಗುತ್ತೆ” ಎಂದೆ.

“ವೀರಪ್ಪ, ಪಂಪಿನ ಆಚೆಯ ನಟ್ಟು ಬೋಲ್ಟಿನವರೆಗೆ ನಮ್ಮ ಉಪವಿಭಾಗ. ಅದರಾಚೆ ಶಿವಮೊಗ್ಗದ ವಿತರಣಾ ವಿಭಾಗ. ಅವರ ನೀರಿಗೆ ನಮ್ಮ ಲೋಳೆ ಹಾಕೋಕಾಗುತ್ತಾ?” ಎಂದರು ಮುರಳಿ ಸಾಹೇಬರು.

“ಬ್ಲೀಚಿಂಗ್ ಹಾಕ್ತೀವಲ್ಲ?”

“ಅದಕ್ಕೆ ಆದೇಶ ಇದೆ.”

“ಲೋಳೆಗೂ ಆದೇಶ ತರಿಸಿ.”

“ಬರೆದಿದೀವಿ. ಶಿವಮೊಗ್ಗದೋರು ಬೆಂಡೆ ತೋಟಗಾರಿಕೆ ಇಲಾಖೆಗೆ ಬರುತ್ತೆ ಅಂದಿದಾರೆ. ತೋಟಗಾರಿಕೆಯೋರು ಜಜ್ಜಿದ ಮೇಲೆ ಅದು ಬೆಂಡೆ ಅಲ್ಲ ಅಂತಿದಾರೆ.”

ಡ್ರಮ್ಮಿನ ಮುಚ್ಚಳಕ್ಕೆ ಬೀಗ ಬಿತ್ತು. ಬ್ಲೀಚಿಂಗ್ ಹಾಕುವ ಹೊತ್ತಿಗೆ ಮಾತ್ರ ಸೀತಾಲಕ್ಷ್ಮಿ ಮೇಡಂ ಬಂದು, ಬಕೆಟ್ ಮೂಸಿ, ಬೀಗ ತೆಗೆಯುತ್ತಿದ್ದರು. ನಿಯಮಾನುಸಾರ ಬಾವಿಗೆ ದಿನಾ ಒಂದು ಬಕೆಟ್ ಲೋಳೆ ಬಿತ್ತು, ಪಂಪಿನ ರೆಕ್ಕೆಗೆ ಸಿಕ್ಕಿತು, ಸಾರಾಯಿತು. ಇಪ್ಪತ್ತೆಂಟನೆಯ ನಲ್ಲಿ ಮತ್ತೆ ಒಣಗಿತು. ‘ಪ್ರಯೋಗವು ಯಶಸ್ವಿಯಾಗಿ ವಿಫಲವಾಗಿದೆ’ ಎಂದು ಷರಾ ಬರೆದು ಕಚೇರಿಯಲ್ಲಿ ಮೈಸೂರುಪಾಕು ಹಂಚಿದರು. ನನಗೂ ಎರಡು ಕೊಟ್ಟರು. ತಿಂದೆ. ಬೇಜಾರಿಗೂ ಬೆಲ್ಲ ಸಕ್ಕರೆಗೂ ಸಂಬಂಧ ಇಲ್ಲ.

ಆದರೆ ಜಲಜಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಹೆರಿಗೆಗೆ ಉಳಿದದ್ದು ಇಪ್ಪತ್ತು ದಿನ. ಬೀಗಿತ್ತಿ ಮತ್ತೆ ಫೋನ್ ಮಾಡಿ, “ನಲ್ಲಿ ಸದ್ದು ರೆಕಾರ್ಡ್ ಮಾಡಿ ಹಾಕಿದ್ರಾ?” ಎಂದು ನಯವಾಗಿ ಕೇಳಿದ್ದರು. ಅದು ಮಾತ್ರ ಜಲಜಮ್ಮನಿಗೆ ನಾಟಿತು.

ಮುಂದಿನ ಸೋಮವಾರ ಶಿವಮೊಗ್ಗದಿಂದ ದೊಡ್ಡ ಇಂಜಿನಿಯರ್ ರಾಮಚಂದ್ರಪ್ಪನವರು ವಾರ್ಷಿಕ ತಪಾಸಣೆಗೆ ಬಂದರು. ಅವರು ಹಾರ ಹಾಕಿಸಿಕೊಳ್ಳುತ್ತಿದ್ದಾಗ ಕಚೇರಿಯ ಮುಂದೆ ಒಂದು ಆಟೋ ನಿಂತಿತು. ಅದರಿಂದ ಮೊದಲು ತಾಮ್ರದ ಹಂಡೆ ಇಳಿಯಿತು. ಆಮೇಲೆ ಒಂದು ತೊಟ್ಟಿಲು. ಆಮೇಲೆ ಜಲಜಮ್ಮ.

“ಏನಮ್ಮ ಇದು?” ರಾಮಚಂದ್ರಪ್ಪನವರು ಕೇಳಿದರು.

“ಬಾಣಂತನ ಇಲ್ಲೇ ಮಾಡ್ತೀನಿ ಸಾರ್.” ಜಲಜಮ್ಮ ಹಂಡೆಯನ್ನು ನೇರ ಮುರಳಿ ಸಾಹೇಬರ ಕೊಠಡಿಗೆ ಉರುಳಿಸಿದರು. “ಈ ಕಚೇರೀಲಿ ನಲ್ಲಿ ಇದೆ, ಭರ್ತಿ ನೀರು ಬರುತ್ತೆ. ಕೊಠಡಿ ಬೆಚ್ಚಗಿದೆ. ತೊಟ್ಟಿಲು ಆ ಫ್ಯಾನಿನ ಕೊಕ್ಕೆಗೆ ಕಟ್ತೀನಿ.”

“ಒಲೆ?” ಎಂದರು ಮುರಳಿ ಸಾಹೇಬರು, ಅರಿವಿಲ್ಲದೆ.

“ಹದಿನಾಲ್ಕು ವರ್ಷದ ಫೈಲು ಇದಾವಲ್ಲ ಸಾರ್. ಚೆನ್ನಾಗಿ ಒಣಗಿವೆ.”

ಕಡತ ಸುಟ್ಟರೆ ಉಪವಿಭಾಗವಿಲ್ಲ. ನೀರು ಕೊಟ್ಟರೂ ಉಪವಿಭಾಗವಿಲ್ಲ. ರಾಮಚಂದ್ರಪ್ಪನವರು ಹಾರ ತೆಗೆದು ಮೇಜಿನ ಮೇಲಿಟ್ಟು ಕೂತರು.

“ಯಾರಾದ್ರೂ ನಿಯಮ ಗೊತ್ತಿರೋರು ಮಾತಾಡಿ.”

ಆಗ ಸೀತಾಲಕ್ಷ್ಮಿ ಮೇಡಂ ಎದ್ದರು. ಹದಿನಾಲ್ಕು ವರ್ಷದಲ್ಲಿ ಕಚೇರಿಯೊಳಗೆ ಅವರು ಕುರ್ಚಿ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ನಾವೆಲ್ಲ ಅಂದುಕೊಂಡದ್ದಕ್ಕಿಂತ ಎತ್ತರ ಕಂಡರು.

“ಸಾರ್, ಸ್ಥಾಪನಾ ಆದೇಶದ ಅನುಬಂಧ ಎರಡು. ‘ತಲುಪುವುದು ಎಂದರೆ ಪಂಪಿನ ಅಥವಾ ಇತರೆ ಯಂತ್ರದ ತಳ್ಳುವಿಕೆಯನ್ನು ಹೆಚ್ಚಿಸಿ ತಲುಪಿಸುವುದು.’ ವೀರಪ್ಪ, ಲೋಳೆ ನೀರನ್ನ ತಳ್ಳುತ್ತಾ?”

“ಒಂಚೂರೂ ತಳ್ಳಲ್ಲ ಮೇಡಂ. ನಮ್ಮ ಅಕ್ಷರಾ ಬಾಯಿಬಿಟ್ಟು ಹೇಳಿದಾಳೆ.”

“ಮತ್ತೇನು ಮಾಡುತ್ತೆ?”

“ಜಗಳ ಬಿಡಿಸುತ್ತೆ.”

“ಹಾಗಾದ್ರೆ ಸಾರ್, ತಳ್ಳುವಿಕೆ ಹೆಚ್ಚಾಗಿಲ್ಲ. ಜಗಳ ಕಡಿಮೆಯಾದ್ದರಿಂದ ಬಂದ ನೀರು ನಿಯಮದ ಪ್ರಕಾರ ಬಂದ ನೀರಲ್ಲ. ಅದನ್ನ ‘ತಲುಪದ ನೀರು’ ಅಂತ ಪರಿಗಣಿಸಬಹುದು.”

“ಲೋಳೆ ಪಂಪಿನ ಆಚೆ ಬೀಳಬೇಕಲ್ಲ? ಅದು ನನ್ನ ವಿಭಾಗ” ಎಂದರು ರಾಮಚಂದ್ರಪ್ಪನವರು.

“ತಲುಪದ ನೀರು ಯಾರ ವ್ಯಾಪ್ತಿಗೂ ಬರಲ್ಲ ಸಾರ್. ಅದಕ್ಕೆ ಯಾರು ಏನು ಹಾಕಿದ್ರೂ ಹಾಕಿದ ಹಾಗಲ್ಲ.”

ರಾಮಚಂದ್ರಪ್ಪನವರು ಫ್ಯಾನಿನ ಕೊಕ್ಕೆಯನ್ನೊಮ್ಮೆ ನೋಡಿದರು. ಆಮೇಲೆ ಪೆನ್ನು ತೆಗೆದು ಅಲ್ಲೇ ಆದೇಶ ಮಾಡಿದರು. ಬಾವಿಗೆ ದಿನಾ ಒಂದು ಬಕೆಟ್ ಅಧಿಕೃತ ಲೋಳೆ ಹಾಕಿ ಸಹಿ ಮಾಡತಕ್ಕದ್ದು. ಪಂಪಿನ ಆಚೆ ದಿನಾ ಒಂದು ಬಕೆಟ್ ಲೋಳೆ ಹಾಕತಕ್ಕದ್ದು, ಸಹಿ ಮಾಡತಕ್ಕದ್ದಲ್ಲ. ಇಪ್ಪತ್ತೆಂಟನೆಯ ನಲ್ಲಿಗೆ ನೀರು ಬಂದಿಲ್ಲವೆಂದು ಪ್ರತಿ ತಿಂಗಳು ಸ್ಥಳ ಮಹಜರು ನಡೆಸಿ, ಮನೆಯವರ ಸಹಿ ಪಡೆದು ವರದಿ ಮಾಡತಕ್ಕದ್ದು.

“ನೀರು ಬಂದಿಲ್ಲ ಅಂತ ನಾನು ಸಹಿ ಹಾಕ್ಬೇಕಾ?” ಜಲಜಮ್ಮ ಕೇಳಿದರು.

“ಹಾಕಿದ್ರೆ ಬರುತ್ತಮ್ಮ” ಎಂದರು ರಾಮಚಂದ್ರಪ್ಪನವರು ಪ್ರೀತಿಯಿಂದ.

ಜಲಜಮ್ಮ ಒಂದು ಕ್ಷಣ ತೊಟ್ಟಿಲ ಕಡೆ ನೋಡಿದರು. “ಎಲ್ಲಿ ಹಾಕ್ಬೇಕು ಹೇಳಿ. ಹತ್ತು ಬೇಕಾದ್ರೂ ಹಾಕ್ತೀನಿ.”

ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾಮ್ರದ ಹಂಡೆಯನ್ನು ಹನ್ನೊಂದು ಜನ ಸೇರಿ ಆಟೋಗೆ ಏರಿಸಿದೆವು. ಅದನ್ನು ಎತ್ತಲು ಇಬ್ಬರು ಸಾಕಾಗಿತ್ತು, ಉಳಿದವರು ಸಂತೋಷಕ್ಕೆ ಕೈ ಹಚ್ಚಿದರು.

ಮೀರಾ ತಾಯಿಯ ಮನೆಗೆ ಬಂದಳು. ಹೆಣ್ಣುಮಗು. ನನ್ನ ಲೋಳೆಯ ಪ್ರಭಾವವೋ ಏನೋ, ಕೂದಲು ಹುಟ್ಟುವಾಗಲೇ ಭುಜದವರೆಗೆ ಇತ್ತು. ಜಗದಾಂಬಾ ನಂಬುವುದಿಲ್ಲ, ನೀವು ನಂಬಿ. ದಿಣ್ಣೆ ಬಡಾವಣೆಯ ತುದಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಹಂಡೆ ಕುದಿಯುತ್ತದೆ, ಎಂಟೂವರೆಗೆ ಮಗು ಊರಿಗೆಲ್ಲ ಕೇಳುವಂತೆ ಅಳುತ್ತದೆ, ಒಂಬತ್ತಕ್ಕೆ ಬಟ್ಟೆ ಒಗೆಯುವ ಸದ್ದು. ಎಲ್ಲವೂ ತಲುಪದ ನೀರಿನಲ್ಲಿ.

ಮೊದಲ ಮಹಜರಿಗೆ ಸೀತಾಲಕ್ಷ್ಮಿ ಮೇಡಮ್ಮೂ ನಾನೂ ಹೋದೆವು. ಅದೇ ದಿನ ಹೊಳಲೂರಿನಿಂದ ಬೀಗಿತ್ತಿ ಸರಸ್ವತಿಯವರು ಮೊಮ್ಮಗಳನ್ನು ನೋಡಲು ಬಂದಿದ್ದರು. ಜಲಜಮ್ಮ ನಲ್ಲಿ ಪೂರ್ತಿ ತಿರುಗಿಸಿ ಎರಡನೆಯ ಹಂಡೆಗೆ ನೀರು ಬಿಟ್ಟಿದ್ದರು. ಮೇಡಂ ಕಾಫಿ ಕುಡಿದು, ಲೋಟ ತೊಳೆದಿಟ್ಟು, ‘ಸ್ಥಳದಲ್ಲಿ ಖುದ್ದು ಪರಿಶೀಲಿಸಲಾಗಿ ನೀರಿನ ಯಾವುದೇ ಕುರುಹು ಕಂಡುಬಂದಿರುವುದಿಲ್ಲ’ ಎಂದು ಬರೆದರು. ಆಮೇಲೆ ಸ್ವಲ್ಪ ಸರಿದು ಕೂತರು, ಹಾಳೆಯ ಮೇಲೆ ಹನಿ ಸಿಡಿಯುತ್ತಿತ್ತು.

ಸರಸ್ವತಿಯವರು ಬರೆದದ್ದನ್ನು ಓದಿದರು. ನಲ್ಲಿಯನ್ನು ನೋಡಿದರು. ಮತ್ತೆ ಓದಿದರು.

“ನೀರು ಬರಲ್ವಾ ಜಲಜಮ್ಮ?”

“ಇಲ್ಲಕ್ಕ” ಎಂದರು ಜಲಜಮ್ಮ ತುಂಬಿದ ಹಂಡೆ ಸರಿಸಿ ಬಕೆಟ್ ಇಡುತ್ತಾ. “ಹದಿನಾಲ್ಕು ವರ್ಷದಿಂದ ಬಂದಿಲ್ಲ.”

ಸರಸ್ವತಿಯವರು ನಲ್ಲಿಯ ಕೆಳಗೆ ಕೈ ಹಿಡಿದರು. ನೀರಿನ ರಭಸಕ್ಕೆ ಬಳೆ ಮೊಣಕೈಗೆ ಏರಿತು. ಅವರು ಮೆಲ್ಲಗೆ ನನ್ನ ಕಡೆ ತಿರುಗಿದರು.

“ವೀರಪ್ಪನೋರೆ, ತುಂಗಭದ್ರೆ ಪಕ್ಕದಲ್ಲೇ ಇದ್ರೂ ನಮ್ಮೂರ ನಲ್ಲೀಲಿ ಬರೋ ನೀರು ಇಷ್ಟು ಜೋರಿಲ್ಲ. ನಮ್ಮನೆಗೂ ಹೀಗೆ ಬರದೇ ಇರೋ ಹಾಗೆ ಮಾಡಿಸ್ಕೋಬೇಕಾದ್ರೆ ಅರ್ಜಿ ಯಾರಿಗೆ ಕೊಡ್ಬೇಕು?”